ಜಗಳೂರಿನ ಕಾಲ್ ಹೋಗುವ ದಾರಿ

ರುದ್ರಾಣಿ,

ನಿನ್ನಕ್ಕನಿಗೆ ಹೆರಿಗೆ ನೋವು ಬಂದಿದೆಯಂತೆ. ಡ್ಯೂಟಿ ಮುಗಿಸಿ ಬಂದವನು ಕೂರಲೂ ಇಲ್ಲ, ನಿಮ್ಮವ್ವನ ಜೊತೆ ಜಗಳೂರು ಆಸ್ಪತ್ರೆಗೆ ಹೊರಟೆ. ನಾಲ್ಕು ಗಂಟೆಗೆ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಅಲ್ಲಿಗೆ ಕಾಲ್ ಹಾಕು, ಫೋನಿನ ಪಕ್ಕದಲ್ಲೇ ನಿಂತಿರುತ್ತೇನೆ.

ಬೋರ್ಡಿನ ಪಕ್ಕ ಅಂಟಿಸಿರುವ ಊರುಗಳ ಪಟ್ಟಿಯಲ್ಲಿ ಎಡಕ್ಕಿರುವುದು ಕಾಲ್ ಹೋಗಬೇಕಾದ ಊರು, ಬಲಕ್ಕಿರುವುದು ನೀನು ಕೇಳಬೇಕಾದ ಎಕ್ಸ್‌ಚೇಂಜು. ಜಗಳೂರಿಗೆ ಹೊನ್ನಾಳಿಯನ್ನು ಕೇಳಬೇಡ, ದಾವಣಗೆರೆಯನ್ನು ಕೇಳು. ಪಟ್ಟಿಯಲ್ಲಿಲ್ಲದ ಊರಿಗೂ ದಾವಣಗೆರೆಯೇ.

ಮೊನ್ನೆ ಹೊನ್ನಾಳಿ ಎಕ್ಸ್‌ಚೇಂಜಿನ ಮರುಳಪ್ಪ, "ಜಗಳೂರಿಗೆ ನೀವು ನಮ್ಮನ್ನ ಕೇಳ್ತೀರಿ, ನಾವು ನಿಮ್ಮನ್ನ ಕೇಳ್ತೀವಿ, ಗಾಣದೆತ್ತು ಸುತ್ತಿದಂಗೆ ಆಗೈತೆ" ಎಂದು ನಕ್ಕಾಗ, ತಪ್ಪು ನಿನ್ನದೆಂದು ಎಲ್ಲರೆದುರು ನಿನಗೆ ಬೈದೆ. ಇವತ್ತು ಪಟ್ಟಿ ನೋಡಿದೆ. ಜಗಳೂರಿಗೆ ಹೊನ್ನಾಳಿ ಎಂದಿದ್ದ ಆ ತಪ್ಪು ಸಾಲಿನ ಅಕ್ಷರ ನನ್ನದೇ. ಹೊಡೆದುಹಾಕಿ ತಿದ್ದಿದ್ದೇನೆ.

ರೊಟ್ಟಿ ಮುಚ್ಚಿಟ್ಟಿದೆ, ತಿಂದು ಹೋಗು. ನಾಲ್ಕು ಗಂಟೆಗೆ ಬೋರ್ಡನ್ನು ಬೇರೆ ಯಾರ ಕೈಗೂ ಕೊಡಬೇಡ.

ಅಪ್ಪ