ಯಾರದೋ ಗೋರಿಗೆ ನಮ್ಮ ಅಂಕಿತಾಳ ಮುಖ

ಬಂಕಾಪುರ
೧೬ ಸೆಪ್ಟೆಂಬರ್ ೨೦೨೫

ಅಂಕಿತಾಳ ಅಪ್ಪನಿಗೆ,

ಯಶೋಧರಾ ಬರೆಯುವುದು. ಇಲ್ಲಿ ನಾನೂ ನಿಮ್ಮ ಅವ್ವನೂ ಆರಾಮ ಇದ್ದೇವೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಹುಬ್ಬು ಗಂಟಿಕ್ಕುತ್ತೀರಿ, ಗೊತ್ತು. ಆದರೆ ನಾನು ಸಿಟ್ಟಿನ ಮಾತು ಎತ್ತಿದಾಗಲೇ ಅದು ಹೇಗೋ ನಿಮ್ಮ ಫೋನಿನ ಸಿಗ್ನಲ್ ಕಟ್ಟಾಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಸವಣೂರಿನ ಮುಜಾಫರ ರಜೆ ಮುಗಿಸಿ ಶುಕ್ರವಾರ ನೀವಿರುವ ಪರದೇಶಕ್ಕೆ ಹಿಂದಿರುಗುತ್ತಾನೆ, ಅವನ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ.

ನೀವು ಅವನ ಮೂಲಕ ಹೇಳಿ ಕಳಿಸಿದ್ದು ತಲುಪಿತು. ದೀಪಾವಳಿಗೆ ಬರುತ್ತೀರಂತೆ. ಬಳಪದ ಕಲ್ಲು ತರಿಸಿ ಇಡಬೇಕಂತೆ, ಅಂಕಿತಾಳ ಗುರುತಿನ ಕಲ್ಲನ್ನು ಕೆತ್ತಿ, ಇನ್ನು ಇಲ್ಲೇ ನಮ್ಮ ಜೊತೆ ಇರುತ್ತೀರಂತೆ. ಅತ್ತೆ ಕೇಳಿದವರೇ ಅಂಗಳಕ್ಕೆ ಓಡಿ, ಕಂಡ ಕಂಡವರಿಗೆಲ್ಲ "ನನ್ನ ಮಗಾ ಬರಾಕತ್ತಾನ, ಕೂಸಿನ ಕಲ್ಲ ನಿಂದರತೈತಿ" ಎಂದು ಸಾರಿ ಬಂದರು. ಆ ಮುದುಕಿಯ ಮುಖ ನೋಡಿ ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಮಗಳು ಜ್ವರದಲ್ಲಿ ಹೋಗಿ ಮೂರು ವರ್ಷ. ಮಣ್ಣಿಗೆ ನೀವು ಬರಲಿಲ್ಲ, ರಜೆ ಸಿಗಲಿಲ್ಲ ಎಂದಿರಿ. ನಿಮ್ಮ ಮನೆತನದಲ್ಲಿ ಸತ್ತವರ ಕಲ್ಲನ್ನು ಮನೆಯವರೇ ಕೆತ್ತಬೇಕು, ಹೊರಗಿನವರ ಉಳಿ ತಾಗಬಾರದು. ಮಾವ ಗುತ್ತೆಪ್ಪನವರ ಕಲ್ಲನ್ನು ನೀವೇ ಎಂಟು ದಿನ ಕೂತು ಕೆತ್ತಿದ್ದಿರಿ, ಮೀಸೆಯ ತಿರುವು ಸಹ ಬಿಟ್ಟಿರಲಿಲ್ಲ. ಅವರ ಪಕ್ಕದಲ್ಲೇ ಮಲಗಿರುವ ಮೊಮ್ಮಗಳ ತಲೆಯ ಬಳಿ ಹೊಲದಿಂದ ತಂದ ಒಂದು ಬೋಳು ಕಲ್ಲಿದೆ. ಕೇಳಿದಾಗಲೆಲ್ಲ ನಿಮ್ಮದು ಒಂದೇ ಮಾತು, "ಆಕೀ ಮಕ ಕೆತ್ತಾಕ ನನ್ನ ಕೈ ಏಳವಲ್ದು." ನಾನು ನಂಬಿದೆ. ಪಾಪ, ಹೆತ್ತ ಕರುಳು ಎಂದು ನಾನೇ ನಿಮಗೆ ಸಮಾಧಾನ ಹೇಳಿದೆ.

ನೀವು ಬರುವ ಸುದ್ದಿ ಹೇಳಿದ ಮೇಲೆ ಮುಜಾಫರ ಚಹಾ ಕುಡಿಯುತ್ತಾ ಫೋನು ತೆಗೆದು ಒಂದು ವಿಡಿಯೋ ಹಚ್ಚಿದ. ನಿಮ್ಮ ಮ್ಯೂಸಿಯಮ್ಮಿನ ಗಾಡಿ ಓಡಿಸುವವನಿಗೆ ನಿಮ್ಮ ಮೇಲೆ ನಿಮಗಿಂತ ಹೆಚ್ಚು ಅಭಿಮಾನ. "ಜಗದೀಶಣ್ಣನ ಕೈಗುಣ ನೋಡ್ರಿ ಅಕ್ಕಾರ" ಎಂದ. ಎರಡು ಸಾವಿರ ವರ್ಷದ ಹಿಂದೆ ಅರಬರ ನಾಡಿನಲ್ಲಿ ಸತ್ತವರ ತಲೆಯಷ್ಟನ್ನೇ ಮೇಣದಂಥ ಬಿಳಿ ಕಲ್ಲಿನಲ್ಲಿ ಕೆತ್ತಿ, ಗೋರಿಯ ಗೂಡಿನಲ್ಲಿ ನಿಲ್ಲಿಸಿ, ಕೆಳಗೆ ಹೆಸರು ಕೊರೆಯುತ್ತಿದ್ದರಂತೆ. ಗುಡಿಗಳಿಗೆ ಹರಕೆಯಾಗಿ ಕೊಟ್ಟ, ಕೈ ಮುಂದೆ ಚಾಚಿ ಕೂತ ಹೆಂಗಸರ ಗೊಂಬೆಗಳೂ ಇದ್ದವು. ಹಳೆಯವು ಒಳಗೆ ಬೀಗದಲ್ಲಿವೆ, ಜನ ನೋಡುವ ಗೋರಿಯ ಗೂಡುಗಳಲ್ಲಿರುವುದೆಲ್ಲ ನೀವು ಮಾಡಿದ ನಕಲು ಎಂದು ಅವನೇ ಹೇಳಿದ. ಉದ್ದ ಮೂಗು, ಚಿಕ್ಕ ಬಾಯಿ, ಚಿಪ್ಪು ಕೂರಿಸಿದ ದೊಡ್ಡ ಕಣ್ಣು. ಎಲ್ಲಾ ಮುಖ ಒಂದೇ ಥರ. ಯಾಕೆ ಹೀಗೆ ಎಂದೆ. "ಮಕ ಹ್ಯಾಂಗರ ಇರಲಿ, ಹೆಸರಿಂದ ಗುರುತ ಹಿಡೀತಿದ್ರಂತ" ಎಂದ.

ಕೊನೆಯ ಗೂಡಿನಲ್ಲಿ ಒಂದು ಮಗುವಿನ ತಲೆ ಬಂತು. ನಿಲ್ಲಿಸು ಎಂದೆ.

ಕೆಳತುಟಿ ಒಳಗೆ ಎಳೆದುಕೊಂಡು ನಗು ತಡೆಯುವ ಆ ಬಾಯಿ. ಹೆರಳು ಹಾಕಿದರೂ ಹೊರಗೇ ನಿಲ್ಲುವ ಆ ಕಿವಿಗಳು. ಹುಬ್ಬನ್ನು ಎರಡು ಮಾಡಿದ ಆ ಗಾಯದ ಗೆರೆ. ಎರಡು ವರ್ಷದವಳು ನಿಮ್ಮ ಮುಂದೆ ಕೂತು ಆಡುವಾಗ ನಿಮ್ಮ ಉಳಿಯಿಂದಲೇ ಚಕ್ಕೆ ಸಿಡಿದು ಆದ ಗಾಯ. ರಕ್ತಕ್ಕೆ ಅಂಗೈ ಒತ್ತಿಕೊಂಡು, ಶಿಗ್ಗಾಂವಿಯ ಆಸ್ಪತ್ರೆಯವರೆಗೂ ಕೈ ತೆಗೆಯದೆ ಕೂತಿದ್ದಿರಿ. ಕೆಳಗೆ ಬರೆದದ್ದು ಏನೆಂದು ಮುಜಾಫರನನ್ನು ಕೇಳಿದೆ. ಅವನಿಗೇನು ಗೊತ್ತು, ಪಾಪ. "ಯಾವನೋ ವ್ಯಾಪಾರಿ ಮಗಳಂತ್ರಿ, ಹೆಸರ ನನ್ನ ಬಾಯಾಗ ಹೊಳ್ಳಂಗಿಲ್ಲ. ಇದೊಂದ ನೋಡ್ರಿ ಜೀವ ಇದ್ದಂಗ ಐತಿ ಅಂತ ಸಾಹೇಬ್ರು ಭಾಳ ಹೊಗಳಿದ್ರು" ಎಂದ.

ನಮ್ಮ ಮಗಳ ಮುಖಕ್ಕೆ ಏಳದ ಕೈ, ಸಾಹೇಬರಿಗೆ ಚೆನ್ನಾಗಿಯೇ ಎದ್ದಿದೆ. ಆ ಹಳೇ ಕಾಲದ ಜನ ಎಷ್ಟೋ ವಾಸಿ. ಮುಖ ಯಾರದೋ ಆದರೂ ಸತ್ತವರಿಗೆ ಅವರವರ ಹೆಸರು ಕೊಟ್ಟರು. ನೀವು ನನ್ನ ಕೂಸಿನ ಮುಖ ತೆಗೆದು ಯಾವುದೋ ಹುಡುಗಿಗೆ ಕೊಟ್ಟಿರಿ. ನನ್ನ ಕೂಸಿಗೆ ಮುಖವೂ ಇಲ್ಲ, ಹೆಸರೂ ಇಲ್ಲ. ಜನ ಆ ಗೂಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅತ್ತೆ ಫೋನು ಕಿತ್ತುಕೊಂಡು, ಗಾಜನ್ನೇ ಸವರಿ, "ಅಷ್ಟ ದೂರ ಹೋಗಿ ಕುಂತಿಯೇನ ನಮ್ಮವ್ವಾ" ಎಂದು ಅತ್ತರು. ಆಮೇಲೆ ನಿಮ್ಮ ಪರ ವಕಾಲತ್ತೂ ಮಾಡಿದರು. "ಅವಗೂ ಸಂಕಟ ಇರತೈತಿ ಬಿಡ ಯಶೋಧಾ. ಇಲ್ಲಿ ಆಗಲಾರದ್ದ ಅಲ್ಲಿ ಯಾರಿಗೂ ಹೇಳದ ಮಾಡ್ಯಾನ" ಎಂದರು. ಆ ಮಾತು ನನ್ನೊಳಗೂ ಇಳಿಯಿತು. ಪರದೇಶದಲ್ಲಿ, ಪರರ ಹೆಸರಿನ ಮರೆಯಲ್ಲಿ ಅತ್ತುಕೊಂಡಿರಬಹುದು ಎನಿಸಿತು. ಹಾನಗಲ್ಲಿಗೆ ಹೋಗಿ ಹಾಲೇಶನ ಕಲ್ಲಿನಂಗಡಿಯಲ್ಲಿ ಬಳಪದ ಕಲ್ಲು ಆರಿಸಿಯೂ ಬಂದೆ. ನೀವು ಕೂರುತ್ತಿದ್ದ ಜಾಗ ಗುಡಿಸಿ, ಗೋಣಿಚೀಲ ಹಾಸಿದೆ. ನಿಮ್ಮನ್ನು ಕ್ಷಮಿಸಿದ್ದೆ.

ಕಲ್ಲು ಬಂತು. ಆ ಹೊತ್ತಿಗೆ ಮುಜಾಫರ ನನ್ನ ಫೋನಿಗೆ ಹಾಕಿಕೊಟ್ಟ ವಿಡಿಯೋವನ್ನು ನಾನು ಮತ್ತೆ ನೋಡಿದ್ದೆ. ಅದಾದ ಮೇಲೆ ಗೋಣಿಚೀಲದ ಮೇಲೆ ನಾನೇ ಕೂತೆ. ನೀವು ಬಿಟ್ಟುಹೋದ ಉಳಿ ಅಟ್ಟದ ಮೇಲೇ ಇತ್ತು. ಅಂಕಿತಾ ಎಂದು ಕೊರೆದೆ. ಅಕ್ಷರ ಸೊಟ್ಟಗಿವೆ, ಸೊನ್ನೆ ದೊಡ್ಡದಾಗಿದೆ, ನನ್ನ ಹೆಬ್ಬೆರಳ ಉಗುರು ಕಪ್ಪಾಗಿದೆ. ಮುಖ ಕೆತ್ತಲು ಹೋಗಲಿಲ್ಲ. ಮನೆಯವರೇ ಕೆತ್ತಬೇಕು ತಾನೇ? ನಾನೂ ಮನೆಯವಳೇ. ನಿನ್ನೆ ಕಲ್ಲು ನಿಲ್ಲಿಸಿ ಬಂದೆವು. "ಅವ ಬರೋತನಾ ತಡೀಬೇಕಿತ್ತು" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಯಾಕೆ ತಡೆಯಲಿಲ್ಲ ಎಂದು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವರು ತಮ್ಮ ಮಗನ ಕೈಯನ್ನು ನಂಬಿಕೊಂಡೇ ಇರಲಿ.

ದೀಪಾವಳಿಗೆ ಬರುವುದಾದರೆ ನಿಮ್ಮ ಅವ್ವನನ್ನು ನೋಡಲು ಬನ್ನಿ. ಊಟ ಹಾಕುತ್ತೇನೆ. ಇರಲು ಬರಬೇಡಿ. ಮಗಳ ಕಲ್ಲನ್ನು ಮುಟ್ಟಬೇಡಿ.

ಇಂತಿ,
ಅಂಕಿತಾಳ ಅವ್ವ
ಯಶೋಧರಾ

ತಾ.ಕ.: ಗಾಯ ಇದ್ದದ್ದು ಅವಳ ಬಲ ಹುಬ್ಬಿಗೆ. ನೀವು ಕೆತ್ತಿರುವುದು ಎಡ ಹುಬ್ಬಿಗೆ. ವಿಡಿಯೋ ತಿರುಗಿದೆಯೇನೋ ಎಂದು ನೋಡಿದೆ, ಇಲ್ಲ, ಗೋಡೆಯ ಇಂಗ್ಲಿಷ್ ಬೋರ್ಡು ನೆಟ್ಟಗೇ ಇದೆ. ಆಮೇಲೆ ಅಂಕಿತಾ ನನ್ನ ಫೋನಿನಲ್ಲಿ ತಾನೇ ತೆಗೆದು ನಿಮಗೆ ಕಳಿಸುತ್ತಿದ್ದ ಸೆಲ್ಫಿಗಳನ್ನು ತೆರೆದೆ. ಅವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿವೆ, ಶಾಲೆಯ ಬ್ಯಾಡ್ಜಿನ ಅಕ್ಷರವೂ ಉಲ್ಟಾ. ಗಾಯ ಎಡಕ್ಕಿರುವುದು ಅವುಗಳಲ್ಲಿ ಮಾತ್ರ. ನೀವು ಅವನ್ನೇ ನೋಡಿ ಕೆತ್ತಿದ್ದೀರಿ. ಒತ್ತಿ ಹಿಡಿದದ್ದು ನಿಮ್ಮದೇ ಅಂಗೈ, ಯಾವ ಹುಬ್ಬೆಂದು ಅದಕ್ಕೂ ನೆನಪಿರಲಿಲ್ಲ.