ಆರು ಅತಿಥಿ ಸೀಸೆಗಳು

ಅಲ್ ಅಜೀಜಿಯಾ, ದೋಹಾ
12 ಡಿಸೆಂಬರ್ 2025, ಶುಕ್ರವಾರ

ಪ್ರೀತಿಯ ಹರಿಣಾಕ್ಷಿ,

ನಿನಗೂ ನಿನ್ನ ಯಜಮಾನರಿಗೂ ಹೊಸ ಮದುಮಕ್ಕಳಿಗೂ ನನ್ನ ನೆನಪುಗಳು. ನಿನ್ನ ಮಗಳು ಪ್ರತೀಕ್ಷಾಳ ಮದುವೆ ಮುಗಿಸಿಕೊಂಡು ಬಂದು ಏಳು ವಾರವಾಗುತ್ತಾ ಬಂತು, ಒಂದು ಸಾಲೂ ಬರೆಯಲಿಲ್ಲ. ನಿನ್ನ ಮೂರು ಮೆಸೇಜಿಗೆ ಬರೀ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ತಪ್ಪಿಸಿಕೊಂಡೆ. ಕೋಪ ಮಾಡಿಕೊಳ್ಳಬೇಡ, ಮಾಡಿಕೊಳ್ಳುವುದಾದರೂ ಪೂರ್ತಿ ಓದಿದ ಮೇಲೆ ಮಾಡಿಕೋ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಪಕ್ಕದ ಮನೆಯ ಟ್ರೀಸಾ ಕ್ರಿಸ್ಮಸ್ಸಿಗೆ ಊರಿಗೆ ಹೊರಟಿದ್ದಾಳೆ, ಅವಳ ಬ್ಯಾಗಿನಲ್ಲಿ ಖರ್ಜೂರದ ಜೊತೆಗೆ ಈ ಕಾಗದವನ್ನೂ ಇಟ್ಟಿದ್ದೇನೆ.

ಮೆಹಂದಿಯ ದಿನ ಮಲ್ಲಿಗೆ ಕಟ್ಟುತ್ತಾ ನೀನು ಒಂದು ಪ್ರಶ್ನೆ ಕೇಳಿದೆ, ನೆನಪಿದೆಯಾ? “ನೀವು ಲ್ಯಾಬಿನವರು ಎಲ್ಲರ ರಕ್ತ ಅಳೆಯುದು ಸರಿ ಮಾರಾಯ್ತಿ, ನಿಮ್ಮನ್ನು ಅಳೆಯುದು ಯಾರು?” ನೀನು ಯಾರ ಬಗ್ಗೆ ಕೇಳುತ್ತಿದ್ದೀ ಎಂದು ನನಗೆ ಗೊತ್ತಿತ್ತು. ಆದರೂ ನಕ್ಕು, “ನಮ್ಮ ಯಂತ್ರ ನಿನ್ನ ತಮ್ಮನಷ್ಟು ಸುಳ್ಳು ಹೇಳುದಿಲ್ಲ” ಎಂದುಬಿಟ್ಟೆ. ನೀನೂ ನಕ್ಕೆ. ಆ ನಗು ಅರ್ಧಕ್ಕೇ ನಿಂತದ್ದನ್ನು ನೋಡಿಯೂ ನೋಡದವಳ ಹಾಗೆ ಕುಳಿತೆ.

ನಿನಗೆ ಗೊತ್ತಿದ್ದದ್ದೇ ಆದರೂ ಮೊದಲಿನಿಂದ ಬರೆಯುತ್ತೇನೆ, ನನಗೂ ಸ್ಪಷ್ಟವಾಗಲಿ. ಜುಲೈಯಲ್ಲಿ ನಿನ್ನ ತಮ್ಮ ಮುದ್ದುಕೃಷ್ಣ ಊರಿಂದ ಇಲ್ಲಿನ ಅಲ್ ಖೋರ್‌ಗೆ ಕೆಲಸಕ್ಕೆ ಮರಳಿದವನು ಮಂಗಳೂರಿನ ಮಲೇರಿಯವನ್ನೂ ಹೊತ್ತು ತಂದ. ಕ್ಲಿನಿಕ್ಕಿನಲ್ಲಿ ಕ್ಲೋರೋಕ್ವಿನ್ ಕೊಟ್ಟರು, ಜ್ವರ ಬಿಟ್ಟಿತು. ಮೂರು ವಾರಕ್ಕೆ ಮತ್ತೆ ಚಳಿ ಹಿಡಿಯಿತು. ಮಾತ್ರೆ ಮೈಗೆ ಹತ್ತಿದೆಯೋ ಇಲ್ಲವೋ ನೋಡಲು ಅವನ ರಕ್ತವನ್ನು ನಮ್ಮ ಲ್ಯಾಬಿಗೆ ಕಳಿಸಿದರು. ನೂರಾದರೂ ಇರಬೇಕಾದ ಕಡೆ ಮೂವತ್ತೆಂಟು ಬಂತು. ಅಂದರೆ ಔಷಧಿ ಸೋತದ್ದಲ್ಲ, ಇವನೇ ನುಂಗಿಲ್ಲ ಎಂದು ಅರ್ಥ. ನಮಗೆ ಬರುವುದು ನಂಬರು ಮಾತ್ರ, ಹೆಸರಲ್ಲ. ಅವನೇ ವರದಿ ಹಿಡಿದುಕೊಂಡು ನಮ್ಮ ಮನೆಗೆ ಬಂದಾಗ ಗೊತ್ತಾಯಿತು, ಕೆಳಗಿದ್ದ ಸಹಿ ನನ್ನದು. “ಅಕ್ಕ, ಒಂದು ಮಾತ್ರೆಯೂ ಬಿಡಲಿಲ್ಲ. ಕಹಿ ಅಂತ ಬಾಳೆಹಣ್ಣಿನಲ್ಲಿ ಇಟ್ಟು ನುಂಗಿದ್ದು” ಎಂದ. ನಾನು ನಂಬಲಿಲ್ಲ. ಆರೋಗ್ಯ ಕಾರ್ಯಕರ್ತೆಯಾಗಿ ಕಟ್ಟಡ ಕೆಲಸದವರ ಶೆಡ್ಡು ಶೆಡ್ಡಿಗೆ ಹೋಗಿ ಎದುರು ನಿಂತು ಮಾತ್ರೆ ನುಂಗಿಸುವ ನೀನೂ ನಂಬಲಿಲ್ಲ. ನಂಬಬೇಡ ಎಂದು ಫೋನಿನಲ್ಲಿ ಹೇಳಿದವಳು ನಾನೇ. “ತಪ್ಪು ಒಪ್ಪಿಕೊಂಡ ಮೇಲೆ ಅಕ್ಕ ಅಂತ ಕರಿ” ಎಂದು ನೀನು ಅವನಿಗೆ ಹೇಳಿದೆ. ಅಲ್ಲಿಗೆ ನಿಮ್ಮಿಬ್ಬರ ಮಾತು ನಿಂತಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮನ್ನು ಅಳೆಯುವವರು ಇದ್ದಾರೆ. ವರ್ಷಕ್ಕೆರಡು ಸಲ ಹೊರದೇಶದಿಂದ ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಆರು ಸೀಸೆ ರಕ್ತ ಬರುತ್ತದೆ. ಯಾವುದರಲ್ಲಿ ಎಷ್ಟು ಔಷಧಿ ಬೆರೆಸಿದ್ದಾರೆಂದು ಕಳಿಸಿದವರಿಗೆ ಮಾತ್ರ ಗೊತ್ತು. ನಾವು ಅಳೆದು ಉತ್ತರ ಕಳಿಸಬೇಕು, ಅವರು ಅಂಕ ಕೊಡುತ್ತಾರೆ. ಹೈಸ್ಕೂಲಿನ ಪರೀಕ್ಷೆಯ ಹಾಗೆಯೇ, ನಕಲು ಹೊಡೆಯಲು ಪಕ್ಕದ ಬೆಂಚಿಲ್ಲ ಅಷ್ಟೇ. ರೋಗಿಗಳ ರಕ್ತವನ್ನು ಹೇಗೆ ನೋಡುತ್ತೀರೋ ಇದನ್ನೂ ಹಾಗೆಯೇ ನೋಡಿ ಎಂಬುದು ಒಂದೇ ನಿಯಮ.

ಆ ಒಂದೇ ನಿಯಮವನ್ನು ನಾವು ಯಾವತ್ತೂ ಪಾಲಿಸಿರಲಿಲ್ಲ. ನೆಂಟರು ಬಂದರೆ ಕಪಾಟಿನಿಂದ ಒಳ್ಳೆಯ ಪಿಂಗಾಣಿ ತೆಗೆಯುವುದಿಲ್ಲವೇ, ಅದೇ ರೀತಿ. ಲ್ಯಾಬಿನಲ್ಲಿ ಅವುಗಳಿಗೆ ‘ಗೆಸ್ಟ್’ ಎಂದೇ ಹೆಸರು. ಗೆಸ್ಟ್ ಬಂದ ದಿನ ಬೇರೆ ಕೆಲಸ ಬಂದ್. ಮುಟ್ಟುವುದು ನಾನೊಬ್ಬಳೇ. ರೋಗಿಯ ರಕ್ತವನ್ನು ಒಂದು ಸಲ ಅಳೆದರೆ ಗೆಸ್ಟನ್ನು ಮೂರು ಸಲ ಅಳೆದು ಸರಾಸರಿ ತೆಗೆಯುತ್ತಿದ್ದೆ. ಆರು ವರ್ಷದಿಂದ ಪೂರ್ತಿ ಅಂಕ! ಸರ್ಟಿಫಿಕೇಟುಗಳನ್ನು ನಮ್ಮ ಮುಖ್ಯಸ್ಥ ಕ್ಲೈವ್ ಚೌಕಟ್ಟು ಹಾಕಿಸಿ ಗೋಡೆ ತುಂಬಾ ತೂಗಿಸಿದ್ದ. ಬಂದವರೆಲ್ಲ ಅದರ ಎದುರು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಸೆಪ್ಟೆಂಬರಿನಲ್ಲಿ ಗೆಸ್ಟ್ ಬಂದಾಗ ನಾನು ಬೆನ್ನುನೋವಿನಿಂದ ನಾಲ್ಕು ದಿನ ರಜೆಯಲ್ಲಿದ್ದೆ. ಹೊಸದಾಗಿ ಸೇರಿದ ನಹ್ಲಾ ಉಳ್ಳಾಲದ ಬ್ಯಾರಿಗಳ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಅಲ್ ರಯ್ಯಾನ್‌ನಲ್ಲಿ. ನಮ್ಮ ಸಂಪ್ರದಾಯ ಅವಳಿಗೆ ಯಾರೂ ಹೇಳಿರಲಿಲ್ಲ. ಆರೂ ಸೀಸೆಗಳನ್ನು ಆ ದಿನದ ರೋಗಿಗಳ ರಕ್ತದ ನಡುವೆ ಸೇರಿಸಿ, ಒಂದೇ ಸಲ ಅಳೆದು ಕಳಿಸಿಬಿಟ್ಟಳು. ನವೆಂಬರಿನಲ್ಲಿ ಫಲಿತಾಂಶ ಬಂತು. ಐದು ಸೀಸೆಗಳಲ್ಲಿ ನಾವು ಹೇಳಿದ್ದು ಇದ್ದದ್ದರ ಅರ್ಧಕ್ಕಿಂತ ಕಡಿಮೆ. ಆರನೆಯದು ಮಾತ್ರ ಸರಿ, ಯಾಕೆಂದರೆ ಅದರಲ್ಲಿ ಔಷಧಿಯೇ ಇರಲಿಲ್ಲ.

ಕ್ಲೈವ್ ಹಾರಾಡಿದ. ಹುಡುಗಿ ಕಣ್ಣು ತುಂಬಿಕೊಂಡು, “ಆಂಟಿ, ನಾನು ರೂಲಲ್ಲಿ ಇದ್ದ ಹಾಗೇ ಮಾಡಿದ್ದು. ನಾರ್ಮಲ್ ಪೇಷಂಟ್ ಥರ” ಎಂದಳು. ಅವಳ ಕೈ ಸರಿಯಿಲ್ಲ ಎಂದೇ ನನಗೂ ಅನಿಸಿತ್ತು. ಆದರೆ ಹರಿಣಾಕ್ಷಿ, ತಲೆಗೆ ಹುಳ ಹೊಕ್ಕರೆ ನಾನು ಸುಮ್ಮನೆ ಕೂರುವವಳಲ್ಲ ಎಂಬುದು ನಿನಗೆ ಗೊತ್ತಲ್ಲ. ಹಾಸ್ಟೆಲಿನಲ್ಲಿ ಸಾಂಬಾರು ಯಾಕೆ ದಿನವೂ ಒಂದೇ ರುಚಿ ಎಂದು ತಿಳಿಯಲು ಅಡುಗೆಮನೆಯ ಕಿಟಕಿ ಹತ್ತಿ ಬೈಸಿಕೊಂಡವಳು ನಾನು. ಕೈ ಸರಿಯಿಲ್ಲದಿದ್ದರೆ ತಪ್ಪು ಒಮ್ಮೆ ಮೇಲೆ ಒಮ್ಮೆ ಕೆಳಗೆ ಬೀಳಬೇಕು. ಇಲ್ಲಿ ಎಲ್ಲವೂ ಕೆಳಗೇ ಯಾಕೆ?

ಉಳಿದಿದ್ದ ಅದೇ ರಕ್ತವನ್ನು ನನ್ನೆದುರೇ ಅಳೆಯಲು ಹೇಳಿದೆ. ಮತ್ತೆ ಅರ್ಧ. ನಾನು ಅಳೆದೆ. ಪೂರ್ತಿ ಬಂತು! ಅದೇ ಯಂತ್ರ, ಅದೇ ರಕ್ತ, ಅದೇ ಮೇಜು. ಜಂಬ ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಇಬ್ಬರೂ ಅಕ್ಕಪಕ್ಕ ನಿಂತು, ಒಬ್ಬರ ಕೈ ಒಬ್ಬರು ನೋಡುತ್ತಾ, ಹೆಜ್ಜೆ ಹೆಜ್ಜೆಯಾಗಿ ಮಾಡಿದೆವು. ನಹ್ಲಾ ಒಮ್ಮೆಲೇ ನಿಲ್ಲಿಸಿ, “ಆಂಟಿ, ನಿಮ್ಮ ಟ್ಯೂಬ್ ಬೇರೆ ಅಲ್ವಾ?” ಎಂದಳು.

ಬೇರೆಯೇ. ಜುಲೈಯಲ್ಲಿ ಪ್ಲಾಸ್ಟಿಕ್ ಟ್ಯೂಬುಗಳ ಸ್ಟಾಕು ಮುಗಿದು ಗಾಜಿನವು ಬಂದಿದ್ದವು. ಹಳೆಯವು ಕೈಗೆ ಒಗ್ಗಿದವು ಎಂದು ಒಂದು ಡಬ್ಬಿಯನ್ನು ಗೆಸ್ಟ್‌ಗಳಿಗೆಂದೇ ನನ್ನ ಡ್ರಾಯರಿನಲ್ಲಿ ಬೀಗ ಹಾಕಿಟ್ಟಿದ್ದೆ. ಕ್ಲೋರೋಕ್ವಿನ್ನಿಗೆ ಗಾಜೆಂದರೆ ಪ್ರೀತಿ, ಅದರ ಮೈಗೆ ಅಂಟಿಕೊಂಡುಬಿಡುತ್ತದೆ. ಚಮಚದಲ್ಲಿ ಜೇನು ಉಳಿಯುವ ಹಾಗೆ ಅರ್ಧಕ್ಕೂ ಹೆಚ್ಚು ಔಷಧಿ ಗಾಜಿನ ಗೋಡೆಯಲ್ಲೇ ಉಳಿದು, ಯಂತ್ರಕ್ಕೆ ಸಿಕ್ಕಿದ್ದು ಮಿಕ್ಕಿದ್ದಷ್ಟೇ. ದಿನವೂ ಯಂತ್ರವನ್ನು ಪರೀಕ್ಷಿಸುವ ನಮ್ಮದೇ ದ್ರಾವಣಗಳಿದ್ದವಲ್ಲ, ಅವು ಯಾಕೆ ಹೇಳಲಿಲ್ಲ ಎನ್ನುತ್ತೀಯಾ? ಅವನ್ನು ತಯಾರಿಸುತ್ತಿದ್ದವಳೂ ನಾನೇ, ನನ್ನ ಡ್ರಾಯರಿನ ಟ್ಯೂಬಿನಲ್ಲೇ. ಗಾಜು ಸಿಕ್ಕಿದ್ದು ರೋಗಿಗಳಿಗೆ ಮಾತ್ರ.

ಜುಲೈಯಿಂದ ಬಂದ ರಕ್ತವೆಲ್ಲ ಫ್ರೀಜರಿನಲ್ಲಿತ್ತು. ನಾನು ಮೊದಲು ಯಾವ ನಂಬರು ತೆಗೆದೆ ಎಂದು ನಿನಗೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಅಳೆದೆ, ನಹ್ಲಾಳಿಂದಲೂ ಅಳೆಸಿದೆ. ನೂರ ಇಪ್ಪತ್ತಾರು. ನಿನ್ನ ತಮ್ಮ ಅಷ್ಟೂ ಮಾತ್ರೆ ನುಂಗಿದ್ದಾನೆ, ಹರಿಣಾಕ್ಷಿ. ನುಂಗಿದರೂ ಜ್ವರ ಮರಳಿದ್ದು ಯಾಕೆ, ಮಲೇರಿಯದ ರೋಗಾಣು ಲಿವರಿನಲ್ಲಿ ಅಡಗಿತ್ತೋ ಔಷಧಿಗೇ ಬಗ್ಗದ ಜಾತಿಯೋ ಎಂಬುದು ಇನ್ನೊಂದು ದೊಡ್ಡ ಪ್ರಶ್ನೆ. ಮುಖ್ಯವಾಗಿ ಕೇಳಬೇಕಾಗಿದ್ದ ಪ್ರಶ್ನೆಯೇ ಅದು. ಅವನನ್ನು ಸುಳ್ಳುಗಾರ ಮಾಡಿ ನಾವು ಅದನ್ನು ಕೇಳಲೇ ಇಲ್ಲ.

ಕ್ಲೈವ್ ಮೊದಲು, “ಸರ್ಟಿಫಿಕೇಟ್ ಖಲಾಸ್ ಆಗ್ತದೆ ಜರ್ಟಿ” ಎಂದು ತಲೆ ಹಿಡಿದು ಕೂತ. ಮರುದಿನ ಅವನೇ ಚೌಕಟ್ಟುಗಳನ್ನು ಗೋಡೆಯಿಂದ ಇಳಿಸಿದ. ನಲವತ್ತೊಂದು ರೋಗಿಗಳ ವರದಿ ತಪ್ಪು ಎಂದು ಅವರ ಡಾಕ್ಟರುಗಳಿಗೆ ಬರೆದು ಕಳಿಸಿದ್ದೇವೆ. ಈಗ ಗೆಸ್ಟ್‌ಗಳನ್ನು ರೋಗಿಗಳ ಸಾಲಿನಲ್ಲೇ ನಿಲ್ಲಿಸುತ್ತೇವೆ. ನನ್ನ ಡ್ರಾಯರಿಗೆ ಬೀಗವಿಲ್ಲ.

ಕಳೆದ ಶುಕ್ರವಾರ ಹೊಸ ವರದಿ ಹಿಡಿದು ಅಲ್ ಖೋರ್‌ಗೆ ಹೋದೆ. ಮುದ್ದುಕೃಷ್ಣ ಚಹಾ ಮಾಡಿ ಕೊಟ್ಟ, ಮೈ ಸ್ವಲ್ಪ ತುಂಬಿಕೊಂಡಿದ್ದಾನೆ. ವರದಿಯನ್ನು ಎರಡು ಸಲ ಓದಿ ಮಡಚಿಟ್ಟು, “ಈಗ ಎಂತ ಮಾಡುದು ಅಕ್ಕ, ಮದುವೆ ಮುಗಿಯಿತಲ್ಲ” ಎಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ನೀನು ಅವನಿಗೆ ಫೋನು ಮಾಡು. ಅವನಾಗಿ ಮಾಡುವುದಿಲ್ಲ, ಹಟದಲ್ಲಿ ನಿನ್ನ ತಮ್ಮನೇ.

ಪ್ರತೀಕ್ಷಾಳಿಗೂ ಅಳಿಯನಿಗೂ ದೇವರು ಒಳ್ಳೆಯದು ಮಾಡಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ, ಮೆಟ್ಟಿಲು ಹತ್ತುವ ಮನೆಗಳನ್ನಾದರೂ ಬೇರೆಯವರಿಗೆ ಬಿಡು.

ನಿನ್ನ,
ಜರ್ಟ್ರೂಡ್

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದಿದ್ದೇನೆ. ಸೋದರಮಾವ ಕೈಹಿಡಿದು ಮದುಮಗಳನ್ನು ಮಂಟಪಕ್ಕೆ ತರುವ ಹೊತ್ತಿಗೆ ಎಲ್ಲರೂ ಅವನೆಲ್ಲಿ ಎಂದು ಕೇಳಿದರು, ರಜೆ ಸಿಗಲಿಲ್ಲವಂತೆ ಎಂದು ನಾನೂ ಹೇಳಿದೆ. ಅವನಿಗೆ ರಜೆ ಸಿಕ್ಕಿತ್ತು. ಮದುವೆಯ ಹಿಂದಿನ ವಾರ ಟಿಕೆಟು ಹಿಡಿದು ನಮ್ಮ ಮನೆಯ ಸೋಫಾದಲ್ಲಿ ಕೂತಿದ್ದ. “ವರದಿ ತಪ್ಪೂ ಇರಬಹುದು ಅಂತ ನನ್ನ ಅಕ್ಕನಿಗೆ ಒಂದು ಮಾತು ಹೇಳಿ, ನಾನು ಹೋಗ್ತೇನೆ” ಎಂದ. ನಮ್ಮ ಲ್ಯಾಬಿನಲ್ಲಿ ತಪ್ಪಾಗುವುದಿಲ್ಲ ಎಂದೆ. ಅವನು ಒಂದು ಡಬ್ಬಿ ಟೀಪಾಯಿಯ ಮೇಲಿಟ್ಟ. “ಇದನ್ನು ಪ್ರತೀಕ್ಷಾಳಿಗೆ ಹಾಕಿ. ನನ್ನ ಹೆಸರು ಹೇಳಿದರೆ ಅಕ್ಕ ತೆಗೆಸಿಯಾಳು.” ಅವಳು ಧಾರೆಗೆ ಹಾಕಿಕೊಂಡ ಜೋಡಿ ಬಳೆ, ಅದಕ್ಕಾಗಿ ನೀನು ನನ್ನನ್ನು ತಬ್ಬಿಕೊಂಡು ಕಣ್ಣೀರು ಹಾಕಿದೆಯಲ್ಲ, ಅದು ನಾನು ತಂದದ್ದಲ್ಲ.