ನೆಲಮಾಳಿಗೆಯ ಸಣ್ಣ ಕಿಟಕಿ

ರೀ,

ರಾತ್ರಿ ಪಾಳಿ ಮುಗಿಸಿ ಬಂದವರು ಸೀದಾ ಮಹಡಿ ಹತ್ತಬೇಡಿ. ನಿಮ್ಮ ಹಾಸಿಗೆ ಅಲ್ಲಿಲ್ಲ! ನೆಲಮಾಳಿಗೆಗೆ ಇಳೀರಿ. ಬಾಗಿಲ ಬಣ್ಣ ಇನ್ನೂ ಹಸಿ, ಭುಜದಿಂದ ತಳ್ಳೋ ನಿಮ್ಮ ಚಾಳಿ ಇವತ್ತೊಂದಿನ ಬೇಡ.

ಅದು ನನ್ನ ಹೊಲಿಗೆ ರೂಮಲ್ಲ ರೀ, ನಿಮ್ಮ ಮಲಗೋ ರೂಮು! ಎಷ್ಟು ಸಲ ನಾಲಿಗೆ ತುದಿಗೆ ಬಂದಿದ್ದನ್ನ ನುಂಗಿಕೊಂಡೆನೋ.

"ಹೊಲಿಯೋಕೆ ಬೆಳಕು ಬೇಡ್ವೇನೇ, ದೊಡ್ಡ ಕಿಟಕಿ ಇಡ್ಸು" ಅಂತ ಮುಖ ಊದಿಸ್ಕೊಂಡು ಓಡಾಡಿದ್ರಲ್ಲ, ನಾನು ಯಾಕೆ ಜಗ್ಗಲಿಲ್ಲ ಅಂತ ಈಗ ಗೊತ್ತಾಯ್ತಾ? ಛಾವಣಿಗೆ ಅಷ್ಟು ದಪ್ಪ ಹಾಸು ಬಡಿಸಿದ್ದೂ ಮೆಷಿನ್ ಸದ್ದು ಮೇಲೆ ಬರಬಾರದು ಅಂತಲ್ಲ. ಮಕ್ಕಳ ಕುಣಿದಾಟ ಕೆಳಗೆ ಕೇಳಬಾರದು ಅಂತ. ಮೆಷಿನ್ ಹಾಲ್‌ನಲ್ಲೇ ಇರುತ್ತೆ, ನನಗೆ ಅಲ್ಲೇ ಬೆಳಕು ಚೆನ್ನಾಗಿದೆ.

ದೀಪದ ಸ್ವಿಚ್ ಬಾಗಿಲ ಹಿಂದೆ ಅಡಗಿ ಕೂತಿದೆ. ಎಲೆಕ್ಟ್ರಿಷಿಯನ್‌ಗೆ ನಾನೇ ಬೈದಾಗಿದೆ, ಫೋನ್ ಮಾಡಿ ನೀವೂ ಶುರು ಹಚ್ಕೋಬೇಡಿ.

ತಿಂಡಿ ಒಲೆ ಮೇಲಿದೆ, ತಿಂದೇ ಇಳೀರಿ. ಕಣ್ಣಿಗೆ ಟವೆಲ್ ಕಟ್ಕೊಂಡು ಹೊರಳಾಡೋದು ಇವತ್ತಿಗೆ ಮುಗೀತು. ಆ ಟವೆಲ್ ಒಗೆದು ಒಣಗಿಹಾಕಿದ್ದೀನಿ, ಹುಡುಕಬೇಡಿ.

ಸಂಜೆ ನಾನೇ ಬಂದು ಎಬ್ಬಿಸ್ತೀನಿ. ಅಲ್ಲೀವರೆಗೆ ಹಗಲು ಮೇಲೇ ಇರಲಿ.